ಶಸ್ತ್ರಚಿಕಿತ್ಸೆಯಲ್ಲಿ ಪ್ರತಿಜೀವಕವನ್ನು ಕೊಡತಕ್ಕ ಕಾಲ

ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಕೀವುಂಟಾಗದಂತೆ ರೋಗಿಗೆ ಮುಂಚಿತವಾಗಿ ಪ್ರತಿಜೀವಕವನ್ನು, ಎಂದರೆ ಆಂಟಿಬಯಾಟಿಕ್ ಔಷಧವನ್ನು, ಕೊಡುವ ಪದ್ಧತಿಯು ಈಗ ಸರ್ವತ್ರ ರೂಢಿಯಲ್ಲಿರುವುದು. ಯಾವ ಔಷಧವು ಉತ್ತಮವೆಂಬ ವಿಷಯದಲ್ಲಿ ನಡೆಯುವಷ್ಟು ಚರ್ಚೆಯು, ಅದನ್ನು ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ವಿಷಯದಲ್ಲಿ ನಡೆಯುವುದಿಲ್ಲ. ಫಲಾಫಲವಾದರೋ ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುವುದು.

1961ರಲ್ಲಿ ಅಮೆರಿಕದ ಜಾನ್ ಬರ್ಕ್ ಎಂಬ ಶಸ್ತ್ರವೈದ್ಯನು ಗಿನಿಯಿಲಿಗಳ ಚರ್ಮದಲ್ಲಿ ಕೀವುಂಟುಮಾಡುವ ಜೀವಾಣುಗಳನ್ನು ಸೇರಿಸಿ, ಬೇರೆ ಬೇರೆ ಸಮಯಗಳಲ್ಲಿ ಔಷಧವನ್ನು ಕೊಟ್ಟು ನೋಡಿದನು. ಜೀವಾಣುಗಳು ಒಳಹೊಗುವ ವೇಳೆಗೆ ಔಷಧವು ಚರ್ಮದಲ್ಲಿ ಸಿದ್ಧವಾಗಿದ್ದರೆ ಹುಣ್ಣು ಬೆಳೆಯಲಿಲ್ಲ. ಮೂರು ಗಂಟೆ ತಡವಾದ ಮೇಲೆ ಕೊಟ್ಟ ಔಷಧದಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಔಷಧವು ರಕ್ತದ ಮೂಲಕವೇ ಗಾಯವನ್ನು ಸೇರಬೇಕು. ಕೊಯ್ದ ಅಂಚಿನಲ್ಲಿ ರಕ್ತವು ಹೆಪ್ಪುಗಟ್ಟಿ, ಸೂಕ್ಷ್ಮನಾಳಗಳು ಮುಚ್ಚಿದ ಬಳಿಕ ಅದಕ್ಕೆ ದಾರಿಯೆಲ್ಲಿ? ಮೊಣಕಾಲಿನ ಶಸ್ತ್ರಕ್ರಿಯೆಯಲ್ಲಿ ತೊಡೆಗೆ ಬಿಗಿಪಟ್ಟಿಯನ್ನು ಕಟ್ಟುವ ಮೊದಲೇ ಔಷಧವನ್ನು ಕೊಡತಕ್ಕದ್ದೆಂಬ ನಿಯಮವೂ ಇದೇ ಕಾರಣದಿಂದ ಹುಟ್ಟಿದುದು.

ಮನುಷ್ಯರ ವಿಷಯದಲ್ಲಿ 1992ರಲ್ಲಿ ಸಾಲ್ಟ್ ಲೇಕ್ ನಗರದಿಂದ ಪ್ರಕಟವಾದ 2,847 ರೋಗಿಗಳ ಪರಿಶೀಲನೆಯು ಪ್ರಸಿದ್ಧವಾಗಿದೆ. ಕೊಯ್ಯುವುದಕ್ಕೆ ಹಿಂದಿನ ಎರಡು ಗಂಟೆಗಳೊಳಗೆ ಔಷಧ ಪಡೆದವರಲ್ಲಿ ನೂರಕ್ಕೆ 0.6 ಮಂದಿಗೆ ಮಾತ್ರ ಗಾಯವು ಕೀವಾಯಿತು. ಅದಕ್ಕಿಂತ ಬಹಳ ಮೊದಲೇ ಪಡೆದವರಲ್ಲಿ ಈ ಪ್ರಮಾಣವು 3.8, ಕೊಯ್ದು ಮೂರು ಗಂಟೆಗಳಾದ ಮೇಲೆ ಪಡೆದವರಲ್ಲಿ 3.3. ಅತಿ ಮುಂಚಿತವಾಗಿ ಕೊಡುವುದೂ ತಡವಾಗಿ ಕೊಡುವುದರಷ್ಟೇ ವ್ಯರ್ಥವೆಂಬುದನ್ನು ವಾಚಕರು ಗಮನಿಸಬೇಕು. ಸಾಮಾನ್ಯವಾಗಿ ಬಳಸುವ ಸೆಫಜೋಲಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುವುದು. ಆದುದರಿಂದಲೇ ಶಸ್ತ್ರಕ್ರಿಯೆಯು ನಾಲ್ಕು ಗಂಟೆಗಳನ್ನು ಮೀರಿದರೆ ಮತ್ತೊಮ್ಮೆ ಕೊಡುವರು.

ಇನ್ನು ನಿಲ್ಲಿಸುವ ವಿಚಾರ. ಹೊಲಿಗೆ ಮುಗಿದ ಮೇಲೆ ರಕ್ಷಣಾರ್ಥವಾಗಿ ಔಷಧವನ್ನು ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ವಿಧಿಸಿತು. ಆದರೂ ಐದು ದಿನ, ಏಳು ದಿನ ಬರೆದುಕೊಡುವ ವಾಡಿಕೆಯು ನಮ್ಮಲ್ಲಿ ಅಳಿದಿಲ್ಲ. ಇದು ಅಜ್ಞಾನಕ್ಕಿಂತ ಹೆಚ್ಚಾಗಿ ಭಯದ ಫಲವೆಂದು ತೋರುತ್ತದೆ: ಗಾಯವು ಕೆಟ್ಟರೆ ವೈದ್ಯನಿಗೆ ನಿಂದೆ ತಪ್ಪದು, ಹೆಚ್ಚು ಔಷಧ ಕೊಟ್ಟುದಕ್ಕೆ ಅವನನ್ನು ಯಾರೂ ನಿಂದಿಸರು. ಹಾನಿಯಾದರೋ ನಿಜವಾದುದೇ. ಮೂತ್ರಪಿಂಡಗಳು ಕೆಡುವುದುಂಟು, ಕರುಳಿನ ಹಿತಕರ ಜೀವಾಣುಗಳು ನಾಶವಾಗಿ ಕಠಿಣವಾದ ಭೇದಿಯುಂಟಾಗಬಹುದು, ಔಷಧಕ್ಕೆ ಬಗ್ಗದ ಜೀವಾಣುಗಳು ಉಳಿದು ಹಬ್ಬಿ ಪಕ್ಕದ ಮಂಚದ ರೋಗಿಯನ್ನೂ ಮುಟ್ಟುವುವು.

ಸುಧಾರಣೆಗೆ ಉಪದೇಶಕ್ಕಿಂತ ವ್ಯವಸ್ಥೆಯೇ ಹೆಚ್ಚು ಸಹಾಯಕ. ವಾರ್ಡಿನಲ್ಲಿ ಬೆಳಗ್ಗೆಯೇ ಚುಚ್ಚುಮದ್ದು ಕೊಟ್ಟು ಕಳುಹಿಸಿದ ರೋಗಿಯ ಸರದಿಯು ಮಧ್ಯಾಹ್ನಕ್ಕೆ ಬಂದರೆ ಔಷಧದ ಬಲವು ಕುಂದಿರುತ್ತದೆ. ಆ ಕೆಲಸವನ್ನು ಶಸ್ತ್ರಚಿಕಿತ್ಸಾಗಾರದಲ್ಲಿ ಅರಿವಳಿಕೆಯ ವೈದ್ಯರಿಗೆ ಒಪ್ಪಿಸಿದರೆ ಕಾಲವು ತಪ್ಪುವುದು ಅಪರೂಪ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟವಾದ ಸುರಕ್ಷಾ ಪಟ್ಟಿಯಲ್ಲಿ, ಚರ್ಮವನ್ನು ಕೊಯ್ಯುವ ಮೊದಲು ಎಲ್ಲರೂ ಕೇಳುವಂತೆ ಕೇಳತಕ್ಕ ಪ್ರಶ್ನೆಯೊಂದುಂಟು: ಕಳೆದ 60 ನಿಮಿಷಗಳೊಳಗೆ ಪ್ರತಿಜೀವಕವನ್ನು ಕೊಟ್ಟಾಯಿತೆ? ಔಷಧವನ್ನು ನಿಲ್ಲಿಸುವ ವಿಷಯದಲ್ಲಿ ಅಂತಹ ಪ್ರಶ್ನೆಯು ಆ ಪಟ್ಟಿಯಲ್ಲಿಲ್ಲ. ಹೊಲಿಗೆಯ ಕಾಲದಲ್ಲಿ ಅದನ್ನೂ ಕೇಳುವ ಏರ್ಪಾಡನ್ನು ಆಯಾ ಆಸ್ಪತ್ರೆಗಳೇ ಮಾಡಿಕೊಳ್ಳಬೇಕಾಗಿದೆ.