ಹಿರಿಯ ನಾಗರಿಕರಲ್ಲಿ ಸಾಮಾನ್ಯವಾಗಿ ಕಂಡುಬರುವ ಚರ್ಮರೋಗಗಳು

(ಮುಂಡಗೋಡ, ಹಳಿಯಾಳ, ದಾಂಡೇಲಿ ಮತ್ತು ಜೋಯಿಡಾ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ವಯಸ್ಸಾದಂತೆ ಚರ್ಮವು ತೆಳುವಾಗುತ್ತದೆ. ಎಣ್ಣೆಯ ಅಂಶ ಕಡಿಮೆಯಾಗುತ್ತದೆ. ಗಾಯ ಮಾಯಲು ಹೆಚ್ಚು ಕಾಲ ಬೇಕಾಗುತ್ತದೆ. ಆದರೆ ಎಲ್ಲ ತುರಿಕೆ ಮತ್ತು ಕಲೆಗಳೂ ವಯೋಸಹಜವಲ್ಲ. ಕೆಲವು ಮನೆಯ ಆರೈಕೆಯಿಂದ ಶಮನವಾಗುತ್ತವೆ. ಕೆಲವಕ್ಕೆ ವಿಳಂಬವಿಲ್ಲದೆ ಚಿಕಿತ್ಸೆ ಅವಶ್ಯಕ.

1. ಒಣಚರ್ಮ: ಚಳಿಗಾಲದಲ್ಲಿ ಕಾಲು, ಬೆನ್ನು ಮತ್ತು ತೋಳುಗಳಲ್ಲಿ ತುರಿಕೆ ಹೆಚ್ಚುತ್ತದೆ. ಅತಿ ಬಿಸಿನೀರಿನ ಸ್ನಾನ ಹಾಗೂ ಹೆಚ್ಚು ಸಾಬೂನಿನ ಬಳಕೆ ಬೇಡ. ಸ್ನಾನದ ನಂತರ ಮೈ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬೇಕು. ಉಣ್ಣೆಯ ಉಡುಪಿನ ಒಳಗೆ ಹತ್ತಿಯ ಬಟ್ಟೆ ಧರಿಸುವುದು ಉತ್ತಮ.

2. ಕಜ್ಜಿ: ಬರಿಗಣ್ಣಿಗೆ ಸುಲಭವಾಗಿ ಕಾಣದ ಹುಳುವಿನಿಂದ ಬರುತ್ತದೆ. ರಾತ್ರಿ ತುರಿಕೆ ಹೆಚ್ಚು. ಬೆರಳ ಸಂದು, ಮಣಿಕಟ್ಟು ಮತ್ತು ಸೊಂಟದಲ್ಲಿ ಗುಳ್ಳೆಗಳೇಳುತ್ತವೆ. ಒಬ್ಬರಿಗೆ ಮಾತ್ರ ಚಿಕಿತ್ಸೆ ನೀಡಿದರೆ ರೋಗ ಮರುಕಳಿಸುತ್ತದೆ. ಆದ್ದರಿಂದ ಮನೆಯವರೆಲ್ಲರೂ ಒಂದೇ ದಿನ ವೈದ್ಯರು ಸೂಚಿಸಿದ ಔಷಧ ಹಚ್ಚಿ, ಬಟ್ಟೆ ಹಾಗೂ ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. 1966ರಲ್ಲಿ ಸ್ಥಾಪಿತವಾದ ಮುಂಡಗೋಡದ ಟಿಬೆಟನ್ ಕಾಲೊನಿಯ ವಿಹಾರಗಳೂ ಸೇರಿದಂತೆ, ಹಲವರು ಒಟ್ಟಿಗೆ ವಾಸಿಸುವ ವೃದ್ಧಾಶ್ರಮ ಮತ್ತು ವಸತಿನಿಲಯಗಳಿಗೂ ಇದು ಅನ್ವಯಿಸುತ್ತದೆ. ಚಿಕಿತ್ಸೆಯ ನಂತರವೂ ಕೆಲವು ವಾರ ತುರಿಕೆ ಉಳಿಯಬಹುದು.

3. ಹುಳುಕಡ್ಡಿ: ಮಳೆಗಾಲದಲ್ಲಿ ತೊಡೆಸಂದು, ಕಂಕುಳು ಮತ್ತು ಕಾಲ್ಬೆರಳ ನಡುವೆ ಶಿಲೀಂಧ್ರದಿಂದ ಉಂಟಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದ ಸ್ಟೀರಾಯ್ಡ್‌ಯುಕ್ತ ಮುಲಾಮು ಹಚ್ಚಬಾರದು. ತುರಿಕೆ ತಾತ್ಕಾಲಿಕವಾಗಿ ತಗ್ಗಿದರೂ ಸೋಂಕು ಹರಡುತ್ತದೆ. ಚರ್ಮವು ಇನ್ನಷ್ಟು ತೆಳುವಾಗುತ್ತದೆ.

4. ಸರ್ಪಸುತ್ತು: ಹಿಂದೆ ಸೀತಾಳೆ ಸಿಡುಬು ಆದವರ ನರದಲ್ಲಿ ಅಡಗಿದ ವೈರಾಣು ಮತ್ತೆ ಸಕ್ರಿಯವಾಗುವುದೇ ಇದಕ್ಕೆ ಕಾರಣ. ದೇಹದ ಒಂದೇ ಪಾರ್ಶ್ವದಲ್ಲಿ ಉರಿನೋವು, ನಂತರ ನೀರುಗುಳ್ಳೆಗಳ ಪಟ್ಟಿ ಕಾಣುತ್ತದೆ. ಗುಳ್ಳೆ ಕಂಡ 72 ಗಂಟೆಗಳೊಳಗೆ ಔಷಧ ಆರಂಭಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ. ಕೆಮ್ಮಣ್ಣು ಹಚ್ಚಿ ಕಾಯುವುದರಿಂದ ಈ ಅವಧಿ ವ್ಯರ್ಥವಾಗಿ, ತಿಂಗಳುಗಟ್ಟಲೆ ನರನೋವು ಉಳಿಯುವ ಸಂಭವವಿದೆ. ಕಣ್ಣಿನ ಸುತ್ತ ಗುಳ್ಳೆಗಳೆದ್ದಲ್ಲಿ ದೃಷ್ಟಿಗೆ ಅಪಾಯವಿರುವುದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

5. ಕುಷ್ಠರೋಗ: ತುರಿಕೆಯಿಲ್ಲದ, ಸ್ಪರ್ಶಜ್ಞಾನವಿಲ್ಲದ, ತಿಳಿ ಬಣ್ಣದ ಅಥವಾ ಕೆಂಪಾದ ಮಚ್ಚೆಯನ್ನು ನಿರ್ಲಕ್ಷಿಸಬಾರದು. ಇದು ಶಾಪವಲ್ಲ, ಆನುವಂಶಿಕವೂ ಅಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಹು ಔಷಧ ಚಿಕಿತ್ಸೆ ಉಚಿತ. ರೋಗದ ವಿಧಕ್ಕನುಗುಣವಾಗಿ 6 ಅಥವಾ 12 ತಿಂಗಳ ಚಿಕಿತ್ಸೆಯಿಂದ ಗುಣವಾಗುತ್ತದೆ. ತಡವಾದಲ್ಲಿ ಕೈಕಾಲುಗಳ ಅಂಗವಿಕಲತೆ ಉಂಟಾಗಬಹುದು.

ಕೂಡಲೇ ವೈದ್ಯರನ್ನು ಕಾಣಬೇಕಾದ ಇತರ ಲಕ್ಷಣಗಳು

* ಮಧುಮೇಹವಿರುವವರ ಪಾದದಲ್ಲಿ ಯಾವುದೇ ಗಾಯ
* ಒಂದು ತಿಂಗಳಾದರೂ ಮಾಯದ ಹುಣ್ಣು
* ಗಾತ್ರ ಅಥವಾ ಬಣ್ಣ ಬದಲಾಗುವ, ರಕ್ತ ಒಸರುವ ಮಚ್ಚೆ
* ಗುಳ್ಳೆಯಿಲ್ಲದೆ ಮೈಯೆಲ್ಲ ತುರಿಕೆ (ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯ ಸೂಚನೆಯಾಗಿರಬಹುದು)

ಸೇವೆ ಪಡೆಯುವ ಬಗೆ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಸಂಪರ್ಕಿಸುವುದು. ಗುರುತಿನ ದಾಖಲೆ, ಹಳೆಯ ಚೀಟಿಗಳು ಹಾಗೂ ಬಳಸುತ್ತಿರುವ ಎಲ್ಲ ಔಷಧಗಳನ್ನು, ಆಯುರ್ವೇದ ಮತ್ತು ಟಿಬೆಟನ್ ಸೋವಾ ರಿಗ್ಪಾ ಪದ್ಧತಿಯ ಔಷಧಗಳೂ ಸೇರಿದಂತೆ, ಜೊತೆಯಲ್ಲಿ ತರುವುದು. ಕನ್ನಡ ಅಥವಾ ಹಿಂದಿ ಬಾರದ ಹಿರಿಯರೊಂದಿಗೆ ಅವರ ಭಾಷೆ ಬಲ್ಲವರೊಬ್ಬರು ಬರುವುದು ಸೂಕ್ತ. ನಡೆಯಲಾಗದವರ ಬಗ್ಗೆ ತಮ್ಮ ಭಾಗದ ಆಶಾ ಕಾರ್ಯಕರ್ತೆಗೆ ತಿಳಿಸಲು ಕೋರಲಾಗಿದೆ.