ಪರದೆಯ ಪಾಠ, ಬೆರಳಿನ ಪಾಠ

ವೈದ್ಯವಿದ್ಯೆಯನ್ನು ಗಳಿಸಲು ಚರಕಾಚಾರ್ಯರು ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಮೂರು ಉಪಾಯಗಳನ್ನು ಹೇಳಿದ್ದಾರೆ: ಅಧ್ಯಯನ, ಅಧ್ಯಾಪನ ಮತ್ತು ತದ್ವಿದ್ಯ ಸಂಭಾಷೆ. ಎಂದರೆ ಓದುವುದು, ಓದಿಸುವುದು ಹಾಗೂ ಅದೇ ವಿದ್ಯೆಯನ್ನು ಬಲ್ಲವರೊಡನೆ ಕುಳಿತು ಚರ್ಚಿಸುವುದು. ನಾವು ಮೊದಲಿನ ಎರಡನ್ನು ಮೂರು ದಶಕ ಮಾಡಿದೆವು. ಮೂರನೆಯದನ್ನು ಬಹುತೇಕ ಮರೆತಿದ್ದೆವು. ಅದನ್ನು ನೆನಪಿಸಿದ್ದು 2020ರ ಲಾಕ್‌ಡೌನ್.

ಆಗ ಬೈಲಹೊಂಗಲದ ನಮ್ಮ ದವಾಖಾನೆಯ ಹಿಂದಿನ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿಯೇ ಪಾಠ ಹೇಳುತ್ತಿದ್ದೆವು. ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಿಂದ ವಿದ್ಯಾರ್ಥಿಗಳು ಕೇಳುತ್ತಿದ್ದರು. ಒಬ್ಬ ಹುಡುಗ ನೆಟ್‌ವರ್ಕ್ ಸಿಗಲೆಂದು ಮಾಳಿಗೆಯೇರಿ ಕುಳಿತಿರುತ್ತಿದ್ದ. ನಮಗೆ ಕಾಣುತ್ತಿದ್ದುದು ಹೆಸರುಗಳು ಮಾತ್ರ, ಮುಖಗಳಲ್ಲ. ನಾಡಿಪರೀಕ್ಷೆಯನ್ನು ಮೂರು ದಿನ ವಿವರಿಸಿ ತೃಪ್ತರಾದೆವು.

ಕಾಲೇಜು ತೆರೆದ ಮೇಲೆ ಅದೇ ಹುಡುಗನಿಗೆ ನಮ್ಮ ಕೈಯನ್ನು ನೀಡಿದೆವು. ವಾತಕ್ಕೆ ಸರ್ಪಗತಿ, ಪಿತ್ತಕ್ಕೆ ಮಂಡೂಕಗತಿ, ಕಫಕ್ಕೆ ಹಂಸಗತಿ ಎಂದು ತಡವರಿಸದೆ ಹೇಳಿದ. ಆದರೆ ಬೆರಳುಗಳನ್ನು ಹೆಬ್ಬೆರಳಿನ ಬುಡದ ಕಡೆಗೆ ಇಡದೆ ಕಿರುಬೆರಳಿನ ಕಡೆಗೆ ಇಟ್ಟಿದ್ದ. ತಿದ್ದಿದಾಗ ಸಂಕೋಚದಿಂದ, “ಸರ್, ಪಾಠ ಚಲೋ ಆತ್ರಿ. ಆದ್ರ ನಮಗೇನು ತಿಳೀತು ಅಂತ ನೀವು ಒಮ್ಮೆನೂ ಕೇಳ್ಲಿಲ್ರಿ” ಎಂದ. ತಪ್ಪು ಅವನದಲ್ಲ, ಪರದೆಯ ಮುಂದೆ ಹೇಗೆ ಕಲಿಸಬೇಕೆಂಬುದನ್ನು ಕಲಿಯದೆ ಕಲಿಸಲು ಹೊರಟ ನಮ್ಮದು.

ಅನಂತರ ನಾವೂ ವಿದ್ಯಾರ್ಥಿಯಾದೆವು. ಮಕ್ಕಳ ವಯಸ್ಸಿನ ಅಧ್ಯಾಪಕರೊಡನೆ ಆನ್‌ಲೈನ್ ತರಬೇತಿಗೆ ಕುಳಿತು ಕಲಿತದ್ದು ಸರಳವಾದ ಮಾತು: ಒಂದು ತಾಸಿನ ಉಪನ್ಯಾಸಕ್ಕಿಂತ ಹತ್ತು ನಿಮಿಷದ ವಿಡಿಯೊ ಮೇಲು, ಅದಕ್ಕೆ ಮೊದಲು ಒಂದು ಪ್ರಶ್ನೆ, ಬಳಿಕ ಸಣ್ಣ ಗುಂಪಿನ ಚರ್ಚೆ, ಕೊನೆಗೆ ಕೈಯಿಂದ ಮಾಡಿ ತೋರಿಸುವ ಕೆಲಸ.

ಆಧುನಿಕ ವೈದ್ಯರು ಈ ದಾರಿಯನ್ನು ಮೊದಲೇ ಹಿಡಿದಿದ್ದರು. ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2009ರಿಂದ ಅಧ್ಯಾಪಕರ ತರಬೇತಿಯನ್ನು ಪ್ರಾದೇಶಿಕ ಕೇಂದ್ರಗಳ ಮೂಲಕ ನಡೆಸತೊಡಗಿತು. ಮುಂದೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವೂ ಅಂಥ ಕೇಂದ್ರವಾಯಿತು. ಉನ್ನತ ಹಂತದ ತರಬೇತಿಯಲ್ಲಿ ಆರಂಭಕ್ಕೊಂದು, ಕೊನೆಗೊಂದು ಮುಖಾಮುಖಿ ಶಿಬಿರ. ನಡುವಿನ ತಿಂಗಳುಗಳಲ್ಲಿ ತಮ್ಮ ಊರಿನಲ್ಲಿದ್ದೇ ದೂರದಿಂದ ಕಲಿಕೆ. ಅಮೆರಿಕೆಯ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ‘ಎಕೋ’ ಪದ್ಧತಿಯಲ್ಲಿ ಹಳ್ಳಿಯ ವೈದ್ಯರು ತಮ್ಮ ರೋಗಿಯ ವಿವರವನ್ನು ಪರದೆಯ ಮೇಲೆ ಮಂಡಿಸುತ್ತಾರೆ. ತಜ್ಞರೂ ಉಳಿದವರೂ ಚರ್ಚಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಮಾನಸಿಕ ಆರೋಗ್ಯದ ತರಬೇತಿಗೆ ಬಳಸಿದೆ. ಇದು ತದ್ವಿದ್ಯ ಸಂಭಾಷೆಯಲ್ಲದೆ ಮತ್ತೇನು?

ಆದರೆ ಪರದೆಗೆ ಮಿತಿಯಿದೆ. ಸುಶ್ರುತಾಚಾರ್ಯರು ಶಿಷ್ಯನಿಗೆ ಕುಂಬಳ, ಸೋರೆಗಳ ಮೇಲೆ ಛೇದನವನ್ನೂ, ನೀರು ತುಂಬಿದ ಚರ್ಮದ ಚೀಲದ ಮೇಲೆ ಭೇದನವನ್ನೂ ಅಭ್ಯಾಸ ಮಾಡಿಸಬೇಕೆಂದು ವಿಧಿಸಿದ್ದಾರೆ. ಎಷ್ಟೇ ಓದಿದ್ದರೂ ಕೈ ಪಳಗದವನು ಚಿಕಿತ್ಸೆಗೆ ಯೋಗ್ಯನಲ್ಲವೆಂಬುದು ಅವರ ಮತ.

ನವಜಾತ ಶಿಶುವಿನ ಉಸಿರಿನ ಎಣಿಕೆಯನ್ನೇ ನೋಡಿರಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನ ಬಾಣಂತಿಯ ಮನೆಗೆ ಹೋಗಬೇಕು. ಕೂಸು ಶಾಂತವಾಗಿದ್ದಾಗ ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಬೇಕು. ಆಗಲೂ ಅಷ್ಟೇ ಬಂದರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಇದನ್ನು ಕಲಿಸುವವರಿಗೆ ವಿಡಿಯೊ ದೊಡ್ಡ ಸಹಾಯ. ಒಂದೇ ದೃಶ್ಯವನ್ನು ಹತ್ತು ಜನ ಎಣಿಸಿ, ಎಣಿಕೆ ಏಕೆ ಬೇರೆಯಾಯಿತೆಂದು ಚರ್ಚಿಸಬಹುದು. ಆದರೆ ಅಳುವ ಕೂಸನ್ನು ಸಂತೈಸಿ, ಗಾಬರಿಗೊಂಡ ಅಜ್ಜಿಗೆ ಸಮಾಧಾನ ಹೇಳಿ, ಮಬ್ಬು ಬೆಳಕಿನಲ್ಲಿ ಎಣಿಸುವುದನ್ನು ಕೂಸಿನ ಮಗ್ಗುಲಲ್ಲಿ ಕುಳಿತೇ ಕಲಿಯಬೇಕು. ಕಲಿಸುವವರು ಇಲ್ಲಿ ಎಡವಿದರೆ ಅದರ ದಂಡವನ್ನು ತೆರುವುದು ಆ ಕೂಸು.

ಆದುದರಿಂದ ಎರಡೂ ಕೂಡಿರಬೇಕು. ರಾಮದುರ್ಗದ ಶುಶ್ರೂಷಾ ಅಧ್ಯಾಪಕಿ ಪ್ರತಿ ಪಾಠಕ್ಕೂ ಬೆಳಗಾವಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಕೆಟ್ಟಂತೆ. ವಾರಕ್ಕೊಂದು ಸಂಜೆ ಪರದೆಯ ಮೇಲೆ ಚರ್ಚೆ, ತಿಂಗಳಿಗೊಮ್ಮೆ ಯಾವುದಾದರೊಂದು ತಾಲೂಕು ಆಸ್ಪತ್ರೆಯಲ್ಲಿ ಕೈಕೆಲಸದ ಅಭ್ಯಾಸ ಎಂದಾದರೆ ನಾಲ್ಕೂ ತಾಲೂಕಿನವರು ಸರದಿಯಂತೆ ಕೂಡಬಹುದು. ಕ್ಯಾಮೆರಾ ಮುಚ್ಚಿಟ್ಟು, ಅಡುಗೆ ಮಾಡುತ್ತಲೋ ಪ್ರಯಾಣಿಸುತ್ತಲೋ ಹಾಜರಿ ಹಾಕಿ ಪ್ರಮಾಣಪತ್ರ ಪಡೆಯುವ ಚಾಳಿಯನ್ನು ಮಾತ್ರ ಬಿಡಬೇಕು. ನಾವೂ ಒಮ್ಮೆ ಹಾಗೆ ಮಾಡಿದ್ದೇವೆ. ಆ ಪತ್ರ ಕಪಾಟಿನಲ್ಲಿದೆ, ಅದರ ವಿಷಯ ನೆನಪಿನಲ್ಲಿಲ್ಲ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ದವಾಖಾನೆಯಲ್ಲಿ ಹಿರಿಯ ವೈದ್ಯರ ಪಕ್ಕದಲ್ಲಿ ನಿಂತ ವಿದ್ಯಾರ್ಥಿ ನಿಮ್ಮ ಒಪ್ಪಿಗೆ ಕೇಳಿ ನಾಡಿ ನೋಡಬಯಸಿದರೆ, ಮನಸ್ಸಿದ್ದರೆ ಕೈ ನೀಡಿರಿ. ಪರದೆ ಕೊಡಲಾರದ ಪಾಠ ನಿಮ್ಮ ಮಣಿಕಟ್ಟಿನಲ್ಲಿದೆ. ಆ ಮಾಳಿಗೆಯ ಹುಡುಗ ಈಗ ವೈದ್ಯನಾಗಿದ್ದಾನೆ. ಮೊನ್ನೆ ಭೇಟಿಗೆ ಬಂದವನು ನಮ್ಮ ನಾಡಿ ನೋಡಿ, “ಸರ್, ನಿದ್ದಿ ಕಡಿಮಿ ಆಗೇತೇನ್ರಿ?” ಎಂದು ಕೇಳಿದ. ಬೆರಳುಗಳು ಸರಿಯಾದ ಜಾಗದಲ್ಲಿದ್ದವು.