ಕುಟುಂಬಕ್ಕೆ ಕಿವಿಗೊಡುವ ವಿದ್ಯೆ

ಬಲಿಪೀಠದ ಮುಂದೆ ಕೊಟ್ಟ ಮಾತು ಬದುಕಿನ ಕೊನೆಯವರೆಗೆ ಉಳಿಯಬೇಕೆಂದು ನಾವು ನಮ್ಮ ಮಕ್ಕಳಿಗೆ ಬೋಧಿಸುತ್ತೇವೆ. ಆದರೆ ಆ ಮಾತನ್ನು ಉಳಿಸಿಕೊಳ್ಳಲಾರದೆ ತೊಳಲುವ ದಂಪತಿಗಳು ಯಾರ ಬಾಗಿಲು ತಟ್ಟಬೇಕು? ಮೊದಲು ಮನೆಯ ಹಿರಿಯರು, ಬಳಿಕ ಧರ್ಮಕೇಂದ್ರದ ಗುರುಗಳು, ಎಲ್ಲವೂ ಕೈಮೀರಿದ ಮೇಲೆ ನ್ಯಾಯಾಲಯ. ಇದೇ ನಮ್ಮಲ್ಲಿ ರೂಢಿ. ಗುರುಗಳ ಮನೆಗೂ ನ್ಯಾಯಾಲಯಕ್ಕೂ ನಡುವೆ ಇನ್ನೊಂದು ಬಾಗಿಲು ಇರಬೇಕು. ಅದನ್ನು ತೆರೆಯುವವರೇ ವಿವಾಹ ಮತ್ತು ಕುಟುಂಬ ಚಿಕಿತ್ಸಕರು.

ಬುದ್ಧಿವಾದ ಹೇಳಲು ಪದವಿಯೇಕೆ ಎಂದು ಕೇಳುವವರುಂಟು. ಉತ್ತರಕ್ಕಾಗಿ, ಈ ವೃತ್ತಿಗೆ ಬಹಳ ಹಿಂದೆಯೇ ಪರವಾನಗಿಯ ಕಾನೂನು ಮಾಡಿದ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದತ್ತ ನೋಡಬಹುದು. ಅಲ್ಲಿ ಆ ಕಾನೂನು ಬಂದದ್ದು 1963ರಲ್ಲಿ. ಅದೇ ರಾಜ್ಯದ ಪಾಲೊ ಆಲ್ಟೊದಲ್ಲಿ ಕೆಲಸ ಮಾಡಿದ ವರ್ಜೀನಿಯಾ ಸಟೀರ್, ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸಿ ಚಿಕಿತ್ಸೆ ನೀಡುವ ಕ್ರಮವನ್ನು ಕುರಿತ ತಮ್ಮ ಗ್ರಂಥವನ್ನು 1964ರಲ್ಲಿ ಪ್ರಕಟಿಸಿದರು.

ಇಂದು ಅಲ್ಲಿ ಪರವಾನಗಿ ಬಯಸುವವರು 60 ಸೆಮಿಸ್ಟರ್ ಘಟಕಗಳ ಸ್ನಾತಕೋತ್ತರ ಪದವಿ ಪಡೆಯಬೇಕು. ಅನುಭವಿಗಳ ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಕೆಲಸವನ್ನು ಕನಿಷ್ಠ 104 ವಾರಗಳಲ್ಲಿ ಮಾಡಿರಬೇಕು. ಅದರಲ್ಲಿ 500 ಗಂಟೆಗಳಾದರೂ ದಂಪತಿಗಳು, ಕುಟುಂಬಗಳು ಮತ್ತು ಮಕ್ಕಳೊಡನೆ ಕಳೆದಿರಬೇಕು. ಇವುಗಳ ಜೊತೆಗೆ ಕಾನೂನು ಹಾಗೂ ವೃತ್ತಿನೀತಿಯದೊಂದು, ಚಿಕಿತ್ಸಾ ಜ್ಞಾನದ್ದೊಂದು, ಹೀಗೆ ಎರಡು ಪರೀಕ್ಷೆಗಳು. ಯೇಸುಸಭೆಯವರ ಸಾಂತಾ ಕ್ಲಾರಾ ವಿಶ್ವವಿದ್ಯಾನಿಲಯವೂ ಈ ಪರವಾನಗಿಗೆ ಅಣಿಗೊಳಿಸುವ ಶಿಕ್ಷಣ ನೀಡುತ್ತದೆ.

ಇಷ್ಟೆಲ್ಲ ಕಾಲ ಅವರು ಕಲಿಯುವುದೇನು? ತಪ್ಪು ಯಾರದೆಂದು ತೀರ್ಪು ಕೊಡುವುದನ್ನಲ್ಲ. ಶಾಲೆಗೆ ಹೋಗಲೊಲ್ಲದ ಮಗುವಿನ ಹಟದ ಹಿಂದೆ ತಂದೆತಾಯಿಯರ ಮಾತಿಲ್ಲದ ಜಗಳವಿರಬಹುದು; ಸೊಸೆಯ ಮೌನದ ಹಿಂದೆ ಅತ್ತೆಯ ಹಳೆಯ ನೋವಿರಬಹುದು. ಒಬ್ಬರ ನಡೆ ಇನ್ನೊಬ್ಬರ ನಡೆಯನ್ನು ಹೇಗೆ ಹುಟ್ಟಿಸುತ್ತದೆ ಎಂಬುದನ್ನು ಅವರು ಗುರುತಿಸಲು ಕಲಿಯುತ್ತಾರೆ. ಮೂರು ತಲೆಮಾರುಗಳ ವಂಶನಕ್ಷೆ ಬರೆದು, ಕುಡಿತ, ಅಗಲಿಕೆ, ಅಕಾಲ ಮರಣ, ಮುನಿಸುಗಳು ಹೇಗೆ ಹರಿದುಬಂದಿವೆಯೆಂದು ನೋಡುತ್ತಾರೆ. ಎಷ್ಟೋ ಕಡೆ ವಿದ್ಯಾರ್ಥಿಯು ಮೊದಲು ತನ್ನದೇ ಕುಟುಂಬದ ನಕ್ಷೆಯನ್ನು ಬರೆಯಬೇಕಾಗುತ್ತದೆ. ತನ್ನ ಮನೆಯ ಗಾಯವನ್ನರಿಯದವನು ಪರರ ಮನೆಯಲ್ಲಿ ಒಬ್ಬರ ಪಕ್ಷ ವಹಿಸಿಬಿಡುವ ಅಪಾಯವುಂಟು.

ಗುಟ್ಟು ಕಾಯುವುದು ಈ ವೃತ್ತಿಯ ಪ್ರಾಣ. ಆದರೂ ಅದು ಪಾಪನಿವೇದನೆಯ ಮುದ್ರೆಯಂತಲ್ಲ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂದು ತಿಳಿದರೆ ಕ್ಯಾಲಿಫೋರ್ನಿಯದ ಚಿಕಿತ್ಸಕರು ಅದನ್ನು ವರದಿ ಮಾಡಲೇಬೇಕು. ನಮ್ಮ ದೇಶದಲ್ಲಿಯೂ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ಕುರಿತ 2012ರ ಪೋಕ್ಸೊ ಕಾಯಿದೆಯು ತಿಳಿದವರೆಲ್ಲರ ಮೇಲೆ ಅಂಥ ಹೊಣೆಯನ್ನು ಹೊರಿಸಿದೆ.

ಇದು ಪರಧರ್ಮದ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೇ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳನ್ನು ಬಲ್ಲವರು ಕುಟುಂಬದ ಹಿತಕ್ಕೆ ನೆರವಾಗಬಲ್ಲರೆಂದು ಹೇಳಿದೆ. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ತಮ್ಮ ‘ಅಮೋರಿಸ್ ಲೆತೀಸಿಯಾ’ ಪತ್ರದಲ್ಲಿ, ವಿವಾಹ ಚಿಕಿತ್ಸೆ ಹಾಗೂ ಆಪ್ತಸಲಹೆಗಳ ನೆರವಿನಿಂದ ಶ್ರೀಸಾಮಾನ್ಯ ವಿಶ್ವಾಸಿಗಳನ್ನು ಕುಟುಂಬ ಸೇವೆಗೆ ತರಬೇತುಗೊಳಿಸುವ ಅಗತ್ಯವನ್ನು ಎತ್ತಿಹಿಡಿದರು. ಏಟು ತಿನ್ನುತ್ತಿರುವ ಹೆಂಡತಿಗೆ ತಾಳ್ಮೆಯೊಂದನ್ನೇ ಉಪದೇಶಿಸುವುದು ಧರ್ಮವಲ್ಲ. ಗಂಡ ಹೆಂಡಿರಲ್ಲಿ ಒಬ್ಬರಿಂದ ಇನ್ನೊಬ್ಬರಿಗೋ ಮಕ್ಕಳಿಗೋ ಗಂಭೀರ ಅಪಾಯವಿದ್ದಲ್ಲಿ ಬೇರೆ ವಾಸಿಸಲು ಧರ್ಮಸಭೆಯ ಕಾನೂನಿನ 1153ನೆಯ ವಿಧಿಯೇ ಅವಕಾಶ ಕೊಡುತ್ತದೆ. ಇಂಥ ಅಪಾಯವನ್ನು ಮೊದಲು ಗುರುತಿಸಲು ಬಲ್ಲವರೇ ತರಬೇತಿ ಪಡೆದ ಚಿಕಿತ್ಸಕರು.

ಭಾರತದಲ್ಲಿ ಈ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿಯಿಲ್ಲ. ಸಮಾಜಕಾರ್ಯ ಅಥವಾ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆಸ್ಪತ್ರೆಗಳಲ್ಲಿ ಮೇಲ್ವಿಚಾರಣೆಯಡಿ ದುಡಿಯುವುದೇ ಇಲ್ಲಿನ ಹಾದಿ. ಮಂಗಳೂರಿನಲ್ಲಿ ಕನ್ಯಾಸ್ತ್ರೀಯರು 1960ರಲ್ಲಿ ಆರಂಭಿಸಿದ ರೋಶನಿ ನಿಲಯವು ಸಮಾಜಕಾರ್ಯವನ್ನು ಕಲಿಸುತ್ತ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬಗಳಿಗೆಂದೇ ಮನೋವೈದ್ಯ ಕೇಂದ್ರವಿದೆ. ಪರವಾನಗಿಯ ಕಟ್ಟುಪಾಡಿಲ್ಲದ ಕಡೆ ಯಾರು ಬೇಕಾದರೂ ಫಲಕ ತೂಗುಹಾಕಬಹುದು. ಆದುದರಿಂದ ಸಲಹೆಗಾರರ ಪದವಿಯೇನು, ಎಲ್ಲಿ ತರಬೇತಿ, ಯಾರ ಮೇಲ್ವಿಚಾರಣೆ ಎಂದು ಕೇಳಿ ತಿಳಿಯಲು ಸಂಕೋಚ ಬೇಡ.

ಮಗಳೋ ಮಗನೋ ಈ ಶಿಕ್ಷಣವನ್ನು ಆರಿಸಿಕೊಂಡರೆ, ವೈದ್ಯರೋ ಇಂಜಿನಿಯರೋ ಆಗಲಿಲ್ಲವೆಂದು ಹೆತ್ತವರು ಕೊರಗಬಾರದು. ನಮ್ಮ ಧರ್ಮಕೇಂದ್ರಗಳು ಅಂಥ ಒಬ್ಬಿಬ್ಬರ ಶುಲ್ಕದ ಭಾರವನ್ನು ಹೊತ್ತರೆ ಅದು ಸಾರ್ಥಕ ಸೇವೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿದ್ದನ್ನು ಕಂಡು, ಮಗನಿಗೆ ಮೆಲ್ಲನೆ ತಿಳಿಸಿದವರು ಮಾತೆ ಮರಿಯಮ್ಮನವರು. ನಮ್ಮ ಮನೆಗಳಲ್ಲಿಯೂ ಕೊರತೆಯನ್ನು ಹೊತ್ತಿಗೆ ಮುಂಚೆ ಕಾಣುವ ಕಣ್ಣು, ಅದನ್ನು ಬೀದಿಗೆ ತಾರದ ನಾಲಿಗೆ ಬೇಕಾಗಿವೆ.